ಲೂಸಿ ನಮ್ಮ ಅಜ್ಜಿನಾ, ದೊಡ್ಡಮ್ಮನಾ?

ಕೇಳುಗರಿಗೆಲ್ಲ ನಮಸ್ಕಾರ. ಇಥಿಯೋಪಿಯಾದ ಹಡಾರ್‌ನಲ್ಲಿ 1974ರಲ್ಲಿ ವಿಜ್ಞಾನಿ ಡೊನಾಲ್ಡ್ ಜೊಹಾನ್ಸನ್ ಅವರಿಗೆ ಸಿಕ್ಕಿದ ಹಳೇ ಮೂಳೆಗಳ ಒಡತಿ ಲೂಸಿ ಹೆಸರು ಕೇಳಿರ್ತೀರಿ, ವಯಸ್ಸು ಸುಮಾರು 32 ಲಕ್ಷ ವರ್ಷ, ಅಸ್ಥಿಪಂಜರದಲ್ಲಿ ಸಿಕ್ಕಿದ್ದು ಶೇಕಡಾ 40ರಷ್ಟು. ಇವಳು ನಮ್ಮ ಪೂರ್ವಜಳಾ ಅಂತ ಕೇಳಿದ್ರೆ ಒಬ್ಬರು ಅದು ಬರೀ ಕೋತಿ ಬಿಡ್ರೀ ಅಂತಾರೆ, ಇನ್ನೊಬ್ಬರು ನಮ್ಮೆಲ್ಲರ ಮೂಲ ಅಜ್ಜಿನೇ ಅವಳು ಅಂತಾರೆ. ನನಗೆ ಇಬ್ಬರ ಮಾತೂ ಅವಸರದ್ದು ಅನ್ಸುತ್ತೆ.

ನಮ್ಮ ಕೊಡಗಲ್ಲಿ ಕೈಮಡದಲ್ಲಿ, ಅಂದ್ರೆ ಹಿರಿಯರ ಗುಡಿಯಲ್ಲಿ, ಮೀದಿ ಅಂತ ಎಡೆ ಇಡ್ತೀವಲ್ಲ, ಅದು ಒಕ್ಕದ, ಅಂದ್ರೆ ಕುಲದ, ಹಿರಿಯರಿಗೆಲ್ಲ ಸೇರಿದ್ದು, ಅದರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ ದೊಡ್ಡಪ್ಪನೂ ಇದ್ದಾರೆ. ಅವರು ನಮ್ಮ ಒಕ್ಕದವರೇ, ಆದ್ರೆ ನಾವು ಅವರ ಸಂತಾನ ಅಲ್ಲ. ಹಳೇ ಮೂಳೆಗಳ ವಿಷಯದಲ್ಲೂ ಒಕ್ಕದವರಾ, ನೇರ ಪೂರ್ವಜರಾ ಅನ್ನೋ ಈ ಎರಡು ಪ್ರಶ್ನೆನ ಬೇರೆ ಬೇರೆ ಇಟ್ಕೊಂಡ್ರೆ ಅರ್ಧ ಜಗಳ ಮುಗಿಯುತ್ತೆ.

ಒಕ್ಕದವರು ಅನ್ನೋದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಲೂಸಿ ಮೆದುಳು ಹೆಚ್ಚುಕಮ್ಮಿ ಚಿಂಪಾಂಜಿದಷ್ಟೇ, ಆದ್ರೆ ಸೊಂಟದ ಮೂಳೆ ನೋಡಿ, ಚಿಂಪಾಂಜಿದು ಉದ್ದ, ಕಿರಿದಾಗಿರುತ್ತೆ, ಇವಳದ್ದು ನಮ್ಮ ಹಾಗೆ ಗಿಡ್ಡ, ಅಗಲ, ಅಂದ್ರೆ ಎರಡು ಕಾಲಲ್ಲಿ ನೆಟ್ಟಗೆ ನಡೆದವಳು. ಟಾಂಜಾನಿಯಾದ ಲೆಟೋಲಿಯಲ್ಲಿ ವಿಜ್ಞಾನಿ ಮೇರಿ ಲೀಕಿ ತಂಡಕ್ಕೆ ಜ್ವಾಲಾಮುಖಿ ಬೂದಿ ಮೇಲೆ 36 ಲಕ್ಷ ವರ್ಷ ಹಳೇ ಹೆಜ್ಜೆಗುರುತುಗಳೇ ಸಿಕ್ಕಿದ್ವು, ಹೆಬ್ಬೆರಳು ಮಂಗನ ಹಾಗೆ ಪಕ್ಕಕ್ಕೆ ಚಾಚಿಲ್ಲ, ಉಳಿದ ಬೆರಳುಗಳ ಜೊತೆ ಸಾಲಾಗಿದೆ.

ನೇರ ಪೂರ್ವಜ ಯಾರು ಅನ್ನೋದು ಕಷ್ಟದ ಪ್ರಶ್ನೆ. 1959ರಲ್ಲಿ ಟಾಂಜಾನಿಯಾದ ಓಲ್ಡುವಾಯಿಯಲ್ಲಿ ಅದೇ ಮೇರಿ ಲೀಕಿ ಕಂಡ ಬುರುಡೆ ಇದೆ, ದವಡೆ ಹಲ್ಲು ಭಾರಿ ದೊಡ್ಡದು, ಅಗಿಯೋ ಸ್ನಾಯು ಹಿಡ್ಕೊಳ್ಳೋಕೆ ನೆತ್ತಿ ಮೇಲೆ ಮೂಳೆಯ ಏಣು. ಆ ಬುರುಡೆಯವರ ಕವಲು ಹತ್ತಿಪ್ಪತ್ತು ಲಕ್ಷ ವರ್ಷಗಳ ಹಿಂದಿನ ಆಫ್ರಿಕಾದಲ್ಲಿ ನಮ್ಮ ಕವಲಿನ ಜೊತೆಗೇ ಬದುಕಿ ಅಳಿದು ಹೋಯ್ತು, ಅದು ನಿಜವಾಗ್ಲೂ ದೊಡ್ಡಪ್ಪ. ಲೂಸಿ ಜಾತಿ ನಮ್ಮ ನೇರ ಸಾಲಲ್ಲೇ ಇರಬಹುದು ಅಂತ ಬಹಳ ಜನ ಒಪ್ತಾರೆ, ಆದ್ರೆ ಲೂಸಿ ಅನ್ನೋ ಆ ಒಬ್ಬಳಿಗೆ ಮಕ್ಕಳಿದ್ರಾ ಅಂತ ಯಾವ ಮೂಳೆಯೂ ಹೇಳಲ್ಲ.

ಹಾಗಾದ್ರೆ ಕೊಡಗಲ್ಲಿ ಯಾಕೆ ಇಂಥದ್ದು ಸಿಗಲ್ಲ ಅಂದ್ರಾ? ತೋಟಕ್ಕೆ ಸುಣ್ಣ ಯಾಕೆ ಹಾಕ್ತೀರಿ ಹೇಳಿ, ಮಣ್ಣು ಹುಳಿ ಅಂತ ತಾನೇ, ಆ ಹುಳಿ ಮಣ್ಣು, ಮೇಲೆ ನಮ್ಮ ಮಳೆ, ಮೂಳೆ ಉಳಿಯೋದಾದ್ರೂ ಹೇಗೆ! ಪೂರ್ವ ಆಫ್ರಿಕಾದಲ್ಲಿ ಕೆರೆ ಕೆಸರೂ ಜ್ವಾಲಾಮುಖಿ ಬೂದಿಯೂ ಮುಚ್ಚಿಕೊಂಡು ಕಾಪಾಡಿದವು, ಆ ಬೂದಿಯಿಂದಲೇ ವಯಸ್ಸು ಲೆಕ್ಕ ಹಾಕೋದು.

ವಿಜ್ಞಾನಿಗಳು ಏಮಾರಿದ್ದೂ ಉಂಟು. ಇಂಗ್ಲೆಂಡಿನ ಪಿಲ್ಟ್‌ಡೌನ್ ಮಾನವ ಅಂತ 1912ರಲ್ಲಿ ಮೆರೆಸಿದ ಬುರುಡೆ ಮನುಷ್ಯನದ್ದು, ದವಡೆ ಒರಾಂಗುಟಾನ್‌ದು, ಹಲ್ಲು ಅರದಿಂದ ಉಜ್ಜಿದ್ದು, ಬಯಲಾಗೋಕೆ 1953 ಬರಬೇಕಾಯ್ತು. ನನಗೆ ಸಿಟ್ಟು ಬರೋದು ಮೋಸಕ್ಕಿಂತ ಅದರ ಪರಿಣಾಮಕ್ಕೆ. ದೊಡ್ಡ ಮೆದುಳೇ ಮೊದಲು ಬಂದಿದ್ದು ಅಂತ ಬಹಳ ಜನ ನಂಬಿಬಿಟ್ರು, 1925ರಲ್ಲಿ ವಿಜ್ಞಾನಿ ರೇಮಂಡ್ ಡಾರ್ಟ್ ದಕ್ಷಿಣ ಆಫ್ರಿಕಾದ ಟೌಂಗ್ ಮಗುವಿನ ಬುರುಡೆ ತೋರಿಸಿ, ಮೆದುಳು ಸಣ್ಣದು ಆದ್ರೆ ಬೆನ್ನುಹುರಿ ತೂತು ಬುರುಡೆ ಕೆಳಗಿದೆ, ನೆಟ್ಟಗೆ ನಡೀತಿತ್ತು ಅಂದ್ರೆ ದೊಡ್ಡವರು ಅದನ್ನ ಮರಿ ಗೊರಿಲ್ಲಾ ಥರದ್ದು ಅಂತ ತಳ್ಳಿಹಾಕಿದ್ರು.

ಇನ್ನು ನಿಯಾಂಡರ್ತಾಲ್, ಯುರೋಪ್, ಏಷ್ಯಾದಲ್ಲಿದ್ದು ಅಳಿದುಹೋದ ಹಳೇ ಮನುಷ್ಯರು. ಅವರು ಪಕ್ಕದ ಕವಲು, ನಮಗೂ ಅವರಿಗೂ ಲೇವಾದೇವಿ ಇಲ್ಲ ಅಂತ ಬಹಳ ಜನ ಷರಾ ಬರೆದಾಗಿತ್ತು. 2010ರಲ್ಲಿ ಸ್ವಾಂಟೆ ಪಾಬೊ ತಂಡ ಅವರ ಡಿಎನ್‌ಎ ಓದಿದಾಗ ನೆಂಟಸ್ತನ ಹೊರಬಿತ್ತು, ಆಫ್ರಿಕಾದ ಹೊರಗಿನವರಲ್ಲಿ, ಅಂದ್ರೆ ನಿಮ್ಮಲ್ಲೂ ನನ್ನಲ್ಲೂ, ಶೇಕಡಾ 1ರಿಂದ 2ರಷ್ಟು ಅವರದ್ದೇ. ಪಾಬೊಗೆ 2022ರಲ್ಲಿ ನೊಬೆಲ್ ಬಂತು. ಒಟ್ನಲ್ಲಿ ಅವರು ಪಕ್ಕದವರೂ ಹೌದು, ಪೂರ್ವಜರೂ ಹೌದು.

ನಮ್ಮ ದೇಶದಲ್ಲೂ ಒಂದು ಕೇಸ್ ಬಾಕಿ ಇದೆ. ಮಧ್ಯಪ್ರದೇಶದ ಹತ್ನೋರಾದಲ್ಲಿ, ನರ್ಮದಾ ದಡದಲ್ಲಿ, 1982ರಲ್ಲಿ ಅರುಣ್ ಸೋನಕಿಯಾ ಅವರಿಗೆ ಒಂದು ಬುರುಡೆಯ ಮೇಲ್ಭಾಗ ಸಿಕ್ತು, ಕೆಲವರು ಅದನ್ನ ಹೋಮೋ ಎರೆಕ್ಟಸ್ ಅನ್ನೋ ಹಳೇ ಮಾನವ ಜಾತಿದು ಅಂದ್ರು, ಇನ್ನು ಕೆಲವರು ನಮಗೇ ಹತ್ತಿರದ್ದು ಅಂದ್ರು. ಮುಖ ಇಲ್ಲ, ದವಡೆ ಇಲ್ಲ, ಹಲ್ಲಿಲ್ಲ, ಅಷ್ಟರಲ್ಲೇ ಯಾವ ಸಾಲಿಗೆ ಸೇರಿಸೋದು ಅಂತ ವಾದ ನಡೀತಾ ಇದೆ. ನಮಸ್ಕಾರ.