ವೀಲ್‌ಚೇರ್ ಬೇಕು ಎಂದರೆ ಸಾಲದು: ಪಾದದ ಶಸ್ತ್ರಚಿಕಿತ್ಸೆಯ ನಂತರ ಬೆಂಗಳೂರಿನಿಂದ ಹುಬ್ಬಳ್ಳಿಗೆ

ನಮಸ್ಕಾರ. ನೀವು ಈಗ ನೋಡುತ್ತಿರುವುದು ನನ್ನ ಎಡಗಾಲು. ದಿಂಬಿನ ಮೇಲಿರುವ ಈ ಬೂದು ಬಣ್ಣದ ಬೂಟಿನೊಳಗೆ, ಕಿರುಬೆರಳಿಗೆ ಸೇರಿದ ಐದನೆಯ ಮೆಟಾಟಾರ್ಸಲ್ ಎಂಬ ಮೂಳೆಗೆ ಸ್ಕ್ರೂ ಹಾಕಿ ಇಂದಿಗೆ 24 ದಿನಗಳಾದವು. ಆರು ವಾರ ತುಂಬುವವರೆಗೆ ಪಾದವನ್ನು ನೆಲಕ್ಕೆ ಊರುವಂತಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಬೆಂಗಳೂರಿನಲ್ಲಿ ನಾನಿರುವುದು ಲಿಫ್ಟ್ ಇಲ್ಲದ ಕಟ್ಟಡದ ಎರಡನೆಯ ಮಹಡಿಯಲ್ಲಿ. ಧಾರವಾಡದಲ್ಲಿ ಅಮ್ಮನ ಮನೆಗೆ ಒಂದೇ ಒಂದು ಮೆಟ್ಟಿಲು. ಉಳಿದ ದಿನಗಳನ್ನು ಅಲ್ಲಿ ಕಳೆಯುವುದೇ ಸರಿ ಎಂದು ತೀರ್ಮಾನಿಸಿದೆ. ರೈಲಿನಲ್ಲಿ ಆರು ಗಂಟೆಗೂ ಹೆಚ್ಚು ಹೊತ್ತು ಕಾಲು ಇಳಿಬಿಟ್ಟು ಕುಳಿತರೆ ಪಾದ ಊದಿಕೊಳ್ಳುತ್ತದೆ, ಹುಬ್ಬಳ್ಳಿಯ ವಿಮಾನವಾದರೆ ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತದೆ ಎಂಬ ಲೆಕ್ಕದಲ್ಲಿ ಟಿಕೆಟ್ ತೆಗೆದುಕೊಂಡೆ.

ಮೂಳೆ ಮುರಿದದ್ದು ಹೇಗೆ ಎಂದು ಕಳೆದ ವಿಡಿಯೊದಲ್ಲಿ ಹಲವರು ಕೇಳಿದ್ದಿರಿ. ಮನೆಯ ಹೊಸ್ತಿಲು ದಾಟುವಾಗ ಪಾದ ಒಳಕ್ಕೆ ಹೊರಳಿತು, ಅಷ್ಟೆ. ಈ ಜಾಗದ ಮುರಿತಕ್ಕೆ ಜೋನ್ಸ್ ಫ್ರಾಕ್ಚರ್ ಎನ್ನುತ್ತಾರೆ. ಇದನ್ನು 1902ರಲ್ಲಿ ವಿವರಿಸಿದ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಅವರಿಗೆ ಸ್ವತಃ ನೃತ್ಯ ಮಾಡುವಾಗ ಇದೇ ಮೂಳೆ ಮುರಿದಿತ್ತಂತೆ. ಆ ಭಾಗಕ್ಕೆ ರಕ್ತ ಪೂರೈಕೆ ಕಡಿಮೆಯಾದ್ದರಿಂದ ಮೂಳೆ ಕೂಡಲು ಬಹಳ ಸಮಯ ಬೇಕಾಗುತ್ತದೆ, ಆದ್ದರಿಂದಲೇ ಸ್ಕ್ರೂ. ಸರಿ, ಟ್ಯಾಕ್ಸಿ ಬಂದಿದೆ, ಹೊರಡೋಣ.

ಎರಡು ಮಹಡಿಯನ್ನು ಕುಳಿತುಕೊಂಡೇ, ಒಂದೊಂದೇ ಮೆಟ್ಟಿಲು ಜಾರುತ್ತ ಇಳಿದದ್ದನ್ನು ನೋಡುತ್ತಿದ್ದೀರಿ. ಅದಕ್ಕೆ ವಿವರಣೆ ಬೇಕಿಲ್ಲ. ಅಷ್ಟರೊಳಗೆ ವಿಮಾನಯಾನ ಸಂಸ್ಥೆಯೊಂದಿಗೆ ಆದ ಮಾತುಕತೆಯನ್ನು ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನದ ನಿಯಮಗಳನ್ನು ರೂಪಿಸುವ ಡಿಜಿಸಿಎ ಪ್ರಕಾರ, ವೀಲ್‌ಚೇರ್‌ನಂಥ ನೆರವು ಬೇಕಾದವರು ಕನಿಷ್ಠ 48 ಗಂಟೆ ಮುಂಚಿತವಾಗಿ ತಿಳಿಸಬೇಕು. ಶಾಶ್ವತ ಅಂಗವೈಕಲ್ಯ ಇರುವವರಿಗೆ ಮಾತ್ರ ಈ ನೆರವು ಎಂದು ಬಹಳ ಮಂದಿ ಭಾವಿಸಿದ್ದಾರೆ. ಅದು ತಪ್ಪು. ಕಾಯಿಲೆಯಿಂದಲೋ ವಯಸ್ಸಿನಿಂದಲೋ ಓಡಾಟ ಕಷ್ಟವಾಗಿರುವವರೂ ಆ ವ್ಯಾಖ್ಯೆಯೊಳಗೆ ಬರುತ್ತಾರೆ, ಆರು ವಾರದ ಮಟ್ಟಿಗೆ ನಾನೂ ಬರುತ್ತೇನೆ. ಶಸ್ತ್ರಚಿಕಿತ್ಸೆ ಇತ್ತೀಚಿನದಾದ ಕಾರಣ, ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂಬ ವೈದ್ಯರ ಪತ್ರವನ್ನು ಕೇಳಿದರು, ಕಳುಹಿಸಿದೆ. ಬೂಟಿನ ಬದಲು ಪ್ಲಾಸ್ಟರ್ ಇರುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಹೊಸದಾಗಿ ಹಾಕಿದ ಇಡೀ ಸುತ್ತಿನ ಪ್ಲಾಸ್ಟರಿನೊಳಗೆ ಕಾಲು ಊದಿಕೊಂಡರೆ ರಕ್ತಸಂಚಾರಕ್ಕೇ ತೊಂದರೆ. ಹಾಗಾಗಿ ಮೊದಲ ಒಂದೆರಡು ದಿನ ವಿಮಾನ ಹತ್ತಲು ಬಿಡುವುದಿಲ್ಲ, ಇಲ್ಲವೇ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿಸಿಕೊಂಡು ಬರಲು ಹೇಳುತ್ತಾರೆ.

ಫೋನಿನಲ್ಲಿ ಮಾತನಾಡಿದ ಹುಡುಗಿ ಕೇಳಿದ ಪ್ರಶ್ನೆ ಒಂದೇ: ‘ವೀಲ್‌ಚೇರ್ ಬೇಕಾ ಮೇಡಂ?’ ನಾನು ಕೊಟ್ಟ ಉತ್ತರವೂ ಒಂದೇ: ‘ಬೇಕು.’ ಆ ಒಂದು ಪದ ಮುಂದೆ ಎಷ್ಟು ತೊಂದರೆ ಕೊಟ್ಟಿತೆಂಬುದನ್ನು ಹೇಳುತ್ತೇನೆ, ಸ್ವಲ್ಪ ತಾಳಿ.

ಕೆಂಪೇಗೌಡ ವಿಮಾನ ನಿಲ್ದಾಣದ ಪ್ರವೇಶ ದ್ವಾರದಿಂದ ಚೆಕ್‌ಇನ್ ಕೌಂಟರ್‌ವರೆಗೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಭದ್ರತಾ ತಪಾಸಣೆಯಲ್ಲಿ ಚಿತ್ರೀಕರಣಕ್ಕೆ ಅವಕಾಶವಿಲ್ಲವಾದ್ದರಿಂದ ಮಡಿಲಲ್ಲಿರುವ ಈ ಎರಡು ಊರುಗೋಲುಗಳನ್ನೇ ನೀವು ನೋಡಬೇಕು. ಒಳಗೆ ಕೈಯ ಲೋಹಶೋಧಕ ಬೂಟಿನ ಬಕಲ್‌ಗಳ ಮೇಲೆ ಕೂಗಿಕೊಂಡಿತು. ಸಿಐಎಸ್‌ಎಫ್‌ನ ಮಹಿಳಾ ಸಿಬ್ಬಂದಿ ಪರದೆಯ ಹಿಂದೆ ಕರೆದುಕೊಂಡು ಹೋಗಿ, ಪಟ್ಟಿಗಳನ್ನು ತಾವೇ ಬಿಚ್ಚಿ, ಹೊಲಿಗೆಯ ಮೇಲೆ ಕೈ ತಗುಲದಂತೆ ನೋಡಿಕೊಂಡು ಪರೀಕ್ಷಿಸಿದರು. ಅಷ್ಟು ಹಗುರವಾದ ಕೈಯನ್ನು ನಾನು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ.

ಇಲ್ಲಿ, ವೀಲ್‌ಚೇರ್‌ಗಳ ಸಾಲಿನಲ್ಲಿ ಕಾಯುತ್ತಿದ್ದಾಗ, ನನಗೆ ಕೋಪ ಬಂದದ್ದು ನಿಜ. ನನ್ನ ಮುಂದಿದ್ದ ವೃದ್ಧೆಯೊಬ್ಬರು ಎದ್ದು ನಡೆದು ಹೋಗಿ ನೀರು ತುಂಬಿಸಿಕೊಂಡು ಬಂದರು. ನಡೆಯಬಲ್ಲವರು ಕುರ್ಚಿ ಹಿಡಿಯುವುದರಿಂದಲೇ ನಡೆಯಲಾರದವರಿಗೆ ಸಿಗುವುದಿಲ್ಲ ಎಂದು ಕ್ಯಾಮೆರಾ ಮುಂದೆ ಕಟುವಾಗಿಯೇ ಹೇಳಿದ್ದೆ. ಆ ತುಣುಕನ್ನು ತೆಗೆದುಹಾಕಿದ್ದೇನೆ, ಏಕೆಂದರೆ ಹತ್ತು ನಿಮಿಷದ ಬಳಿಕ ಅವರೇ ಮಾತಿಗಿಳಿದರು. ಮಗ ವಿದೇಶದಲ್ಲಿದ್ದಾನೆ, ಟಿಕೆಟ್ ಮಾಡಿದವನು ಅವನೇ; ಇವರಿಗೆ ಬೋರ್ಡುಗಳ ಇಂಗ್ಲಿಷ್ ಓದಲು ಬರುವುದಿಲ್ಲ, ಗೇಟ್ ಬದಲಾದರೆ ತಿಳಿಯುವುದಿಲ್ಲ. ಅವರಿಗೆ ಬೇಕಿದ್ದುದು ಕುರ್ಚಿಯಲ್ಲ, ಜೊತೆಗೊಬ್ಬ ಮನುಷ್ಯ. ಅಂಥವರನ್ನು ಕೈಹಿಡಿದು ಗೇಟಿನವರೆಗೆ ಕರೆದೊಯ್ಯುವ ‘ಮೀಟ್ ಅಂಡ್ ಅಸಿಸ್ಟ್’ ಎಂಬ ಪ್ರತ್ಯೇಕ ಸೇವೆಯೇ ಇದೆ, ಆದರೆ ಅದರ ಹೆಸರನ್ನು ಅವರ ಮಗನಿಗೆ ಯಾರೂ ಹೇಳಿರಲಿಲ್ಲ.

ಈಗ ನೋಡಿ, ಬಸ್ ಗೇಟಿಗೆ ಬಂದೆವು. ನಮ್ಮದು ಎಟಿಆರ್ 72, ಪ್ರೊಪೆಲರ್ ಇರುವ ಸಣ್ಣ ವಿಮಾನ. ಪ್ರಯಾಣಿಕರು ಹತ್ತುವ ಬಾಗಿಲು ಹಿಂಬದಿಯಲ್ಲಿದೆ, ಬಾಗಿಲನ್ನು ಕೆಳಗಿಳಿಸಿದರೆ ಅದೇ ಮೆಟ್ಟಿಲಾಗುತ್ತದೆ. ಮಳೆ ಆಗಷ್ಟೇ ನಿಂತಿತ್ತು. ನನ್ನ ಕುರ್ಚಿಯನ್ನು ಆ ಮೆಟ್ಟಿಲಿನ ಬುಡಕ್ಕೆ ತಂದು ನಿಲ್ಲಿಸಿದ ಹುಡುಗ, ‘ನಿಧಾನವಾಗಿ ಹತ್ತಿ ಮೇಡಂ, ನಾನು ಹಿಂದೆ ಇರುತ್ತೇನೆ’ ಎಂದ.

‘ನಾನು ಹತ್ತಲಾರೆ’ ಎಂದೆ. ಅವನು ಕೈಯಲ್ಲಿದ್ದ ಹಾಳೆಯನ್ನು ತಿರುಗಿಸಿ ನನಗೇ ತೋರಿಸಿದ. ನನ್ನ ಹೆಸರಿನ ಮುಂದೆ ಡಬ್ಲ್ಯೂಸಿಎಚ್‌ಆರ್ ಎಂದಿತ್ತು.

ಈ ಅಕ್ಷರಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಜಗತ್ತಿನ ವಿಮಾನಯಾನ ಸಂಸ್ಥೆಗಳೆಲ್ಲ ವೀಲ್‌ಚೇರ್ ಕೋರಿಕೆಯನ್ನು ಮುಖ್ಯವಾಗಿ ಮೂರು ಬಗೆಯಾಗಿ ಬರೆದುಕೊಳ್ಳುತ್ತವೆ. ಕೊನೆಯ ಅಕ್ಷರ ಆರ್ ಆದರೆ, ದೂರ ನಡೆಯಲಾರರು, ಆದರೆ ಮೆಟ್ಟಿಲು ಹತ್ತಿಳಿಯಬಲ್ಲರು ಎಂದರ್ಥ. ಎಸ್ ಆದರೆ ಮೆಟ್ಟಿಲು ಹತ್ತಲಾರರು, ಒಳಗೆ ಸೀಟಿನವರೆಗೆ ಹೇಗೋ ಹೋಗಬಲ್ಲರು. ಸಿ ಆದರೆ ಸೀಟಿನವರೆಗೂ ಕುರ್ಚಿಯಲ್ಲೇ ಕರೆದೊಯ್ಯಬೇಕು. ನಾನು ಎರಡನೆಯ ಬಗೆಯವಳು. ಆದರೆ ಬರೀ ‘ವೀಲ್‌ಚೇರ್ ಬೇಕು’ ಎಂದವಳಿಗೆ ಮೊದಲನೆಯದನ್ನು ಬರೆದಿದ್ದರು. ಅಕ್ಷರ ಆರ್ ಇದ್ದುದರಿಂದ ಇಳಿಜಾರು ರ‍್ಯಾಂಪನ್ನು ನಮ್ಮ ವಿಮಾನಕ್ಕೆ ತರಿಸಿರಲಿಲ್ಲ, ಅದು ಇನ್ನೆಲ್ಲೋ ಬೇರೆ ವಿಮಾನದ ಬಳಿ ಇತ್ತು.

ಮನೆಯಲ್ಲಿ ಮಾಡಿದಂತೆ ಕುಳಿತೇ ಹತ್ತುತ್ತೇನೆ ಎಂದೆ. ಒದ್ದೆಯಾದ ಲೋಹದ ಮೆಟ್ಟಿಲಿನ ಮೇಲೆ ಅದು ಬೇಡವೆಂದರು, ಅವರು ಬೇಡವೆಂದದ್ದು ಸರಿ. ಕುರ್ಚಿಸಮೇತ ನಾಲ್ವರು ಎತ್ತುತ್ತೇವೆ ಎಂದರು, ಅದನ್ನು ನಾನು ಒಪ್ಪಲಿಲ್ಲ. ಯಾರದಾದರೂ ಕೈ ಜಾರಿದರೆ ಮೊದಲು ನೆಲಕ್ಕೆ ಬಡಿಯುವುದು ಮುಂದೆ ಚಾಚಿಕೊಂಡಿರುವ ಈ ಪಾದವೇ. ಸಾಮಾನ್ಯವಾಗಿ ವೀಲ್‌ಚೇರ್‌ನಲ್ಲಿ ಬರುವವರನ್ನು ಎಲ್ಲರಿಗಿಂತ ಮೊದಲು ಒಳಗೆ ಕೂರಿಸುತ್ತಾರೆ. ಅಂದು ಇಡೀ ಬಸ್ಸಿನ ಜನ ನನ್ನ ಪಕ್ಕದಿಂದಲೇ, ನನ್ನ ಕಾಲನ್ನು ನೋಡುತ್ತ, ಹತ್ತಿ ಹೋದರು. ಮುಕ್ಕಾಲು ಗಂಟೆ ಕಾದೆ. ರೆಕ್ಕೆಯ ಅಂಚಿನಿಂದ ತೊಟ್ಟಿಕ್ಕುತ್ತಿದ್ದ ನೀರು ಕಾಂಕ್ರೀಟಿನ ಎರಡು ಹಾಸುಗಳ ನಡುವಿನ ಕರಿ ಡಾಂಬರಿನ ಗೆರೆಯಲ್ಲಿ ಸೇರಿಕೊಂಡು ಹರಿಯುತ್ತಿತ್ತು. ಇಳಿಬಿಟ್ಟ ಕಾಲಿನ ಬೆರಳುಗಳು ಮೊದಲು ಕೆಂಪಾಗಿ, ಆಮೇಲೆ ನೇರಳೆಯಾದವು. ಊರುಗೋಲನ್ನು ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಟ್ಟು ಕಾಲನ್ನು ಅದರ ಮೇಲೆ ಏರಿಸಿಕೊಂಡ ಮೇಲೆಯೇ ಬಣ್ಣ ಮರಳಿದ್ದು. ಇದರ ವಿಡಿಯೊ ಇಲ್ಲ, ಆ ಹೊತ್ತಿನಲ್ಲಿ ಕ್ಯಾಮೆರಾ ಹಿಡಿಯುವ ಮನಸ್ಸಿರಲಿಲ್ಲ.

ಇದು ಬರೀ ಅನಾನುಕೂಲದ ಮಾತಲ್ಲ. 2024ರ ಫೆಬ್ರವರಿಯಲ್ಲಿ ಮುಂಬೈ ವಿಮಾನ ನಿಲ್ದಾಣದಲ್ಲಿ ವೃದ್ಧ ದಂಪತಿಗೆ ಒಂದೇ ಕುರ್ಚಿ ಸಿಕ್ಕಿ, ಪತ್ನಿಯನ್ನು ಅದರಲ್ಲಿ ಕೂರಿಸಿ ಜೊತೆಗೆ ನಡೆದು ಹೋದ 80 ವರ್ಷದ ಪತಿ ಕುಸಿದು ಬಿದ್ದು ತೀರಿಕೊಂಡರು. ಅವರನ್ನು ಕರೆತಂದ ವಿಮಾನಯಾನ ಸಂಸ್ಥೆಗೆ ಡಿಜಿಸಿಎ 30 ಲಕ್ಷ ರೂಪಾಯಿ ದಂಡ ವಿಧಿಸಿತು. ಸ್ವಲ್ಪ ನಡೆದರೇನಂತೆ, ನಾಲ್ಕು ಮೆಟ್ಟಿಲು ತಾನೇ ಎಂದು ನಮ್ಮನ್ನು ನಾವೇ ಒಪ್ಪಿಸಿಕೊಳ್ಳುವ ಆ ಗಳಿಗೆಯೇ ಅಪಾಯದ್ದು.

ನನ್ನನ್ನು ಕಾಯುತ್ತ ನಿಂತ ಆ ಹುಡುಗನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಅವನು ನಾಲ್ಕು ಸಲ ವಾಕಿಟಾಕಿಯಲ್ಲಿ ಕೇಳಿದ, ಐದನೆಯ ಸಲ ತಾನೇ ಓಡಿದ. ರ‍್ಯಾಂಪ್ ಬಂತು, ಒಂದೇ ನಿಮಿಷದಲ್ಲಿ ನಾನು ಒಳಗಿದ್ದೆ.

ಸೀಟಿನ ವಿಷಯವನ್ನು ಬೇಗ ಹೇಳುತ್ತೇನೆ, ಏಕೆಂದರೆ ಈ ದೃಶ್ಯ ಚಿಕ್ಕದು. ದೊಡ್ಡ ವಿಮಾನದಲ್ಲಿ ಮುಂದಿನ ಸಾಲು ಒಳ್ಳೆಯದು, ಎಟಿಆರ್‌ನಲ್ಲಿ ಬಾಗಿಲು ಹಿಂದಿರುವುದರಿಂದ ಕೊನೆಯ ಸಾಲುಗಳನ್ನು ಕೇಳಬೇಕು. ತುರ್ತು ನಿರ್ಗಮನದ ಸಾಲಿನಲ್ಲಿ ಜಾಗ ಹೆಚ್ಚಿದ್ದರೂ ನಮ್ಮಂಥವರಿಗೆ ಕೊಡುವುದಿಲ್ಲ, ಕೊಡಲೂಬಾರದು. ನೋವಿರುವ ಕಾಲು ನಡುದಾರಿಯ ಕಡೆಗೆ ಬಂದರೆ ತಳ್ಳುಗಾಡಿ ತಾಗುತ್ತದೆ. ನನ್ನದು ಎಡಗಾಲಾದ್ದರಿಂದ ಎಡಬದಿಯ ಕಿಟಕಿಯ ಸೀಟು ಹಿಡಿದೆ. ಪಾದಕ್ಕೂ ಜನರಿಗೂ ನಡುವೆ ಇಡೀ ನಾನೇ ಇದ್ದೆ. ಊರುಗೋಲುಗಳನ್ನು ಗಗನಸಖಿ ತೆಗೆದಿಟ್ಟು, ಇಳಿಯುವಾಗ ತಂದುಕೊಟ್ಟರು. ನಾಲ್ಕು ಗಂಟೆಗೂ ಮೀರಿದ ಪ್ರಯಾಣವಾದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು, ಅಂಥವರು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು. ನನಗೆ ಬೆರಳುಗಳನ್ನು ಆಗಾಗ ಮಡಿಸಿ ಬಿಡಿಸುತ್ತಿರಿ ಎಂದಷ್ಟೇ ಹೇಳಿದ್ದರು.

ಹುಬ್ಬಳ್ಳಿ. ಬಾಗಿಲು ತೆರೆದಾಗ ರ‍್ಯಾಂಪ್ ಆಗಲೇ ಬಂದು ಕಾಯುತ್ತಿತ್ತು. ಬೆಂಗಳೂರಿನ ಆ ಹುಡುಗ ಹೊರಡುವ ಮುನ್ನ ನನ್ನ ಅಕ್ಷರವನ್ನು ತಿದ್ದಿಸಿ, ಇಲ್ಲಿಗೆ ಸಂದೇಶ ಕಳುಹಿಸಿದ್ದನಂತೆ. ಹಿಂದಿರುಗುವ ಟಿಕೆಟಿಗಾಗಿ ಈಗಷ್ಟೇ, ಈ ಕಾರಿನಲ್ಲಿ ಕುಳಿತೇ ಫೋನ್ ಮಾಡಿದೆ. ‘ವೀಲ್‌ಚೇರ್ ಬೇಕಾ ಮೇಡಂ?’ ಎಂದು ಕೇಳಿದರು. ‘ನಾನು ಮೆಟ್ಟಿಲು ಹತ್ತಲಾರೆ, ನೀವು ಬರೆದುಕೊಂಡ ನಾಲ್ಕಕ್ಷರವನ್ನು ನನಗೆ ಓದಿ ಹೇಳಿ’ ಎಂದೆ. ಓದಿದರು. ಕೊನೆಯದು ಎಸ್.

ಅಗೋ, ಅಮ್ಮ ಗೇಟಿನ ಬಳಿ ಸ್ಟೂಲ್ ಹಿಡಿದುಕೊಂಡು ನಿಂತಿದ್ದಾರೆ. ಕ್ಯಾಮೆರಾ ಆಫ್ ಮಾಡುತ್ತೇನೆ.