ಕುಲುಮೆಯ ಗುಟ್ಟು ಯಾರ ಕೈಯಲ್ಲಿದೆ? ನಿಮ್ಮ ಫ್ಯಾಂಟಸಿ ಆಟಕ್ಕೆ ಉಕ್ಕಿನ ಕಥೆಗಳು

[ಕತ್ತಲೆ. ತಿದಿ ಒತ್ತುವ ಸದ್ದು. ಕೆಂಡ ನಿಧಾನಕ್ಕೆ ಕೆಂಪಾಗುತ್ತದೆ.]

ನಮಸ್ಕಾರ. ಫ್ಯಾಂಟಸಿ ರೋಲ್‌ಪ್ಲೇ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ, ಆಡುವವರಿಗೆ ಈ ಕಥೆ ಗೊತ್ತೇ ಇರುತ್ತದೆ. ಮುದುಕ ಕಮ್ಮಾರ ಸಾಯುವ ಮುಂಚೆ ಮೊಮ್ಮಗಳ ಕೈಗೆ ಒಂದು ಓಲೆಗರಿ ಕೊಡುತ್ತಾನೆ. ಅದರಲ್ಲಿ ಕತ್ತಿ ಮಾಡುವ ಗುಟ್ಟು. ಯಾರೋ ಅದನ್ನು ಕದಿಯುತ್ತಾರೆ. ನಮ್ಮ ವೀರರು ಹುಡುಕಿ ತರುತ್ತಾರೆ. ಅಲ್ಲಿಗೆ ಮುಗಿಯಿತು.

ಆದರೆ ಗರಿಯಲ್ಲಿರುವ ಗುಟ್ಟನ್ನು ಯಾರು ಬೇಕಾದರೂ ಓದಬಹುದು, ಅಲ್ವಾ? ನಿಜವಾದ ಕುಲುಮೆಯಲ್ಲಿ ಗುಟ್ಟು ಹಾಗೆ ಒಂದೇ ಕಡೆ ಇರುತ್ತಿರಲಿಲ್ಲ. ಅದನ್ನು ನಮ್ಮ ನೆಲದ ಉಕ್ಕಿನಿಂದಲೇ ನೋಡೋಣ.

[ನಕ್ಷೆ: ದಕ್ಷಿಣ ಭಾರತದಿಂದ ಪರ್ಷಿಯಾಕ್ಕೆ ಒಂದು ಗೆರೆ.]

ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿದ ಉಕ್ಕಿನ ಗಟ್ಟಿಗಳು ಪಶ್ಚಿಮ ಏಷ್ಯಾಕ್ಕೆ ಹೋಗಿ, ನೀರಿನ ಅಲೆಯಂಥ ಗೆರೆಗಳಿರುವ ಕತ್ತಿಗಳಾಗುತ್ತಿದ್ದವು. ಇಂಗ್ಲಿಷಿನವರು ಅದನ್ನು ವೂಟ್ಸ್ ಎಂದರು. ಅದು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂದಿರಬೇಕು ಎಂದು ಹೆಚ್ಚಿನವರು ಹೇಳುತ್ತಾರೆ.

1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ಬರೆದಿಟ್ಟಿದ್ದಾರೆ. ಮಣ್ಣಿನ ಮೂಸೆ. ಒಳಗೆ ಕಬ್ಬಿಣದ ತುಂಡು. ಜೊತೆಗೆ ತಂಗಡಿಯ ಕಡ್ಡಿ, ಒಂದಿಷ್ಟು ಹಸಿ ಎಲೆ. ಹೌದು, ರಸ್ತೆ ಬದಿ ಹಳದಿ ಹೂ ಬಿಡುವ ಅದೇ ತಂಗಡಿ! ಕಡ್ಡಿ ಒಳಗೇ ಇದ್ದಿಲಾಗಿ, ಅದರ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತದೆ.

[ಮೂಸೆ ಒಡೆಯುವ ಕ್ಲೋಸ್‌ಅಪ್. ಒಳಗೆ ಅಂಗೈಗೆ ಹಿಡಿಯುವಷ್ಟು ಗಟ್ಟಿ.]

ಈಗ ಮೊದಲ ಕಥೆ. ಶತ್ರು ರಾಜ ಉಕ್ಕಿನ ಗಟ್ಟಿಗಳನ್ನೇ ಲೂಟಿ ಮಾಡುತ್ತಾನೆ. ಅವನ ಕಮ್ಮಾರರು ಅದನ್ನು ಬೆಳ್ಳಗೆ ಕಾಯಿಸಿ ಒಂದು ಪೆಟ್ಟು ಹಾಕುತ್ತಾರೆ. ಗಟ್ಟಿ ಪುಡಿಪುಡಿ! ಯುರೋಪಿನ ಕಮ್ಮಾರರಿಗೆ ನಿಜವಾಗಿ ಆಗಿದ್ದೇ ಇದು. ಈ ಉಕ್ಕನ್ನು ಕೆಂಪಗಿರುವಾಗಲೇ ತಾಳ್ಮೆಯಿಂದ ತಟ್ಟಬೇಕು. ಅದರ ಹದ ಕಣ್ಣಿಗೆ, ಕೈಗೆ ಗೊತ್ತಿರುತ್ತದೆ. ದೋಸೆ ಹಿಟ್ಟಿನ ಹದವನ್ನು ಅಮ್ಮ ಬರೆದುಕೊಡಲು ಆಗುತ್ತದಾ? ಹಾಗೇ. ಆದ್ದರಿಂದ ರಾಜ ಈಗ ಗಟ್ಟಿ ಬಿಟ್ಟು ಮೊಮ್ಮಗಳನ್ನೇ ಹುಡುಕಿಸುತ್ತಾನೆ. ನಿಮ್ಮ ಆಟಗಾರರು ಅವಳನ್ನು ಕಾಪಾಡಬೇಕು.

ಎರಡನೆಯದು ನನಗೆ ತುಂಬಾ ಇಷ್ಟ. ಮೊಮ್ಮಗಳು ಅಜ್ಜ ಮಾಡಿದ್ದನ್ನೆಲ್ಲ ಒಂದೂ ಬಿಡದೆ ಮಾಡುತ್ತಾಳೆ. ಅದೇ ಎಲೆ, ಅದೇ ತಿದಿ, ಅದೇ ಹಾಡು. ಆದರೂ ಕತ್ತಿಯ ಮೇಲೆ ಅಲೆ ಮೂಡುವುದಿಲ್ಲ. ಊರವರು ಶಾಪ ಅನ್ನುತ್ತಾರೆ. ಅವಳಿಗೆ ತನ್ನ ಕೈಯ ಮೇಲೇ ಅನುಮಾನ ಬರುತ್ತದೆ.

1990ರ ದಶಕದಲ್ಲಿ ಅಮೆರಿಕದ ಲೋಹ ವಿಜ್ಞಾನಿ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್ ಪೆಂಡ್ರೆ ಸೇರಿ ಇಂಥ ಕತ್ತಿಗಳನ್ನು ಮತ್ತೆ ಮಾಡಿ ನೋಡಿದರು. ಆ ಗೆರೆಗಳು ಮೂಡಲು ವೆನೇಡಿಯಂನಂಥ ಧಾತು ಅತ್ಯಲ್ಪ ಪ್ರಮಾಣದಲ್ಲಿ ಬೇಕು ಎಂದು ತೋರಿಸಿದರು. ಅದು ಅದಿರಿನಲ್ಲೇ ಬರುತ್ತಿತ್ತು. ಅದಿರು ಬದಲಾದಾಗ ಗೆರೆಯೂ ಹೋಗಿರಬೇಕು ಅನ್ನುವುದು ಅವರ ವಾದ. ಅಂದರೆ ಗುಟ್ಟಿನ ಒಂದು ಪಾಲು ಅಜ್ಜನಿಗೇ ಗೊತ್ತಿರಲಿಲ್ಲ! ಅದು ಬೆಟ್ಟದ ಅದಿರಿನಲ್ಲೇ ಇತ್ತು. ಆ ಹಳೆಯ ಗಣಿ ಎಲ್ಲಿದೆ, ಅದನ್ನು ಮುಚ್ಚಿದ್ದು ಯಾಕೆ, ಈಗ ಅಲ್ಲಿ ಏನು ವಾಸ ಮಾಡುತ್ತಿದೆ? ಮೂರ್ನಾಲ್ಕು ಸೆಷನ್‌ಗೆ ಇಷ್ಟು ಸಾಕು.

ನಡುವೆ ಒಂದು ಪಾತ್ರವೂ ಬೇಕಾ? ವಿಜ್ಞಾನಿ ಮೈಕಲ್ ಫ್ಯಾರಡೆಯನ್ನು ನೆನೆಸಿಕೊಳ್ಳಿ. ಕಮ್ಮಾರನ ಮಗ. ಲಂಡನ್ನಿನ ಪ್ರಯೋಗಾಲಯದಲ್ಲಿ ಕೂತು ವೂಟ್ಸ್ ಗುಟ್ಟು ಒಡೆಯಲು ನೋಡಿದ, ಅಲ್ಯುಮಿನಿಯಂ ಇರಬೇಕು ಅಂದುಕೊಂಡ, ಅದು ತಪ್ಪಾಯಿತು. ಇಂಥ ಪಂಡಿತ ನಿಮ್ಮ ಕಥೆಯಲ್ಲಿ ಖಳನಾಗುವುದು ಬೇಡ. ಅವನಿಗೂ ಕುಲುಮೆಯ ನೆನಪಿದೆ.

[ಟೇಬಲ್. ಮೂರು ಚೀಟಿ, ಒಂದು ಡೈಸ್.]

ಆಡಿಸುವವರಿಗೆ ಒಂದು ಮಾತು. ಗುಟ್ಟನ್ನು ಮೂರು ಚೀಟಿಯಲ್ಲಿ ಬರೆದು ಮೂವರಿಗೆ ಕೊಡಿ. ಒಬ್ಬರಿಗೆ ಎಲೆ, ಒಬ್ಬರಿಗೆ ಬಣ್ಣ, ಒಬ್ಬರಿಗೆ ಬೆಟ್ಟ. ಚೀಟಿ ತೋರಿಸುವ ಹಾಗಿಲ್ಲ, ಬಾಯಲ್ಲೇ ಹೇಳಬೇಕು. ಕೊನೆಗೆ ಗಟ್ಟಿ ಕೆಂಡದಿಂದ ಹೊರಬಂದಾಗ ಸುಮ್ನೆ ಡೈಸ್ ಉರುಳಿಸಬೇಡಿ. ದೀಪ ಸ್ವಲ್ಪ ಕಡಿಮೆ ಮಾಡಿ. "ಬಿಳಿ ಹೋಯಿತು, ಕಿತ್ತಳೆ ಆಯಿತು, ಈಗ ಕೆಂಪಾಗುತ್ತಿದೆ" ಎಂದು ನಿಧಾನಕ್ಕೆ ಹೇಳುತ್ತಾ ಹೋಗಿ. ಸುತ್ತಿಗೆ ಹಿಡಿದವಳು "ಈಗ" ಅನ್ನುವವರೆಗೆ ಕಾಯಿರಿ.