ಮಾಲ್‌ಗೆ ಬಂದ ಕಂಬ

ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಕಿಟಿಮ್ಯಾಟ್ ಅಂತ ಒಂದು ಊರಿದೆ. 1950ರ ದಶಕದಲ್ಲಿ ಅಲ್ಯೂಮಿನಿಯಂ ಕಾರ್ಖಾನೆಗಾಗಿ ಕಟ್ಟಿದ ಊರು. ಅಲ್ಲೊಂದು ಶಾಪಿಂಗ್ ಮಾಲ್. 2006ರಲ್ಲಿ ಆ ಮಾಲ್‌ಗೆ ಒಂದು ಕಂಬ ಬಂತು. ಒಂಬತ್ತು ಮೀಟರ್ ಉದ್ದದ, ನೂರಾಮೂವತ್ತು ವರ್ಷಕ್ಕೂ ಹಳೆಯದಾದ, ಕೆತ್ತನೆಯ ಮರದ ಕಂಬ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಿಂದ ಬಂದದ್ದು. ಕೆತ್ತಿಸಿದವರ ವಂಶದವರೇ ಹದಿನೈದು ವರ್ಷ ಹೆಣಗಾಡಿ ಅದನ್ನು ವಾಪಸ್ ತಂದಿದ್ದರು. ತಂದು ಇಟ್ಟದ್ದು ಮಾತ್ರ ಮಾಲ್‌ನಲ್ಲಿ.

ಪೂರ್ವಜರ ನೆನಪಿನ ಕಂಬವನ್ನು ಯಾರಾದರೂ ಮಾಲ್‌ನಲ್ಲಿ ಇಡುತ್ತಾರಾ? ಅವರಿಗೂ ಅದು ಬೇಕಿರಲಿಲ್ಲ. ಕೊಡುವವರು ಒಂದು ಷರತ್ತು ಹಾಕಿದ್ದರು. ಇವತ್ತು ನಾನು ಮಾತಾಡುವುದು ಆ ಷರತ್ತಿನ ಬಗ್ಗೆಯೇ. ಮಾನವಶಾಸ್ತ್ರದ ಮ್ಯೂಸಿಯಂಗಳು ಈಗ ಎಲ್ಲಿ ನೋಡಿದರೂ 'ಸಮುದಾಯಗಳ ಜೊತೆ ಸಹಭಾಗಿತ್ವ' ಅನ್ನುತ್ತವೆ. ಆ ಮಾತು ಕೇಳಿದಾಗಲೆಲ್ಲ ನನಗೆ ಈ ಮಾಲ್ ನೆನಪಾಗುತ್ತದೆ.

ಕಥೆ ಶುರುವಾಗುವುದು ಕಿಟ್ಲೋಪ್ ನದಿಯ ದಡದ ಮಿಸ್ಕುಸಾ ಎಂಬ ಹಳ್ಳಿಯಲ್ಲಿ. ಅಲ್ಲಿಗೆ ರಸ್ತೆಯಿಲ್ಲ, ದೋಣಿಯಲ್ಲೇ ಹೋಗಬೇಕು. ಹೈಸ್ಲಾ ಎಂಬ ಮೂಲನಿವಾಸಿ ಜನರ ನೆಲ ಅದು. ಸಿಡುಬು ಆ ಕರಾವಳಿಯನ್ನು ಗುಡಿಸಿ ಹಾಕಿದ ಕಾಲ. ಗಿಪ್ಸ್‌ಗೋಲಾಕ್ಸ್ ಎಂಬ ಮುಖ್ಯಸ್ಥ ತನ್ನವರನ್ನೆಲ್ಲ ಕಳೆದುಕೊಂಡ. ದುಃಖದಲ್ಲಿ ಕಾಡಿಗೆ ಹೋದವನಿಗೆ ತ್ಸೂಡಾ ಎಂಬ ಚೇತನ ಕಾಣಿಸಿತು, ಅದರ ದಯೆಯಿಂದ ಸತ್ತವರನ್ನು ಮತ್ತೆ ಕಂಡ ಅನ್ನುವುದು ಆ ಮನೆತನದ ಕಥೆ. ಆ ನೆನಪಿಗೆ 1872ರಲ್ಲಿ ಒಂದು ಸೀಡರ್ ಮರ ಕಡಿಸಿ ಕಂಬ ಕೆತ್ತಿಸಿದ.

ಇಂಥ ಕಂಬಕ್ಕೆ ಟೋಟೆಮ್ ಕಂಬ ಅನ್ನುತ್ತಾರೆ. ಜಾಸ್ತಿ ಜನ ಅದನ್ನು ವಿಗ್ರಹ ಅಂದುಕೊಳ್ಳುತ್ತಾರೆ. ಅದಕ್ಕೆ ಪೂಜೆ ಮಾಡುವುದಿಲ್ಲ. ಅದು ಒಂದು ಮನೆತನ ಯಾರು, ಅವರಿಗೆ ಏನಾಯಿತು ಅಂತ ಹೇಳುವ ದಾಖಲೆ. ನಮ್ಮ ಊರುಗಳ ಹೊರಗೆ ವೀರಗಲ್ಲು ನಿಂತಿರುತ್ತದಲ್ಲ, ಮಾಡುವ ಕೆಲಸ ನೋಡಿದರೆ ಅದಕ್ಕೆ ಹತ್ತಿರ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮವರು ಕಲ್ಲು ಹುಡುಕಿದರು. ಶಾಸನದಲ್ಲಿ ಸೂರ್ಯ ಚಂದ್ರರು ಇರುವವರೆಗೂ ಅಂತ ಬರೆಸಿದರು. ಇವರು ಮರ ಆರಿಸಿಕೊಂಡರು. ಮಳೆ ಸುರಿಯುವ ಕಾಡಿನ ಅಂಚಿನಲ್ಲಿ ಅದನ್ನು ನಿಲ್ಲಿಸಿದರು. ಅದು ವಾಲುತ್ತದೆ, ಬೀಳುತ್ತದೆ, ಪಾಚಿ ಕಟ್ಟಿ ಮಣ್ಣಾಗುತ್ತದೆ ಅಂತ ಗೊತ್ತಿದ್ದೇ ನಿಲ್ಲಿಸಿದರು. ಬಿದ್ದ ಕಂಬವನ್ನು ಎತ್ತಿ ರಿಪೇರಿ ಮಾಡುವುದಿಲ್ಲ. ಅದರ ಕೆಲಸ ಮುಗಿಯಿತು. ಮುಂದಿನ ತಲೆಮಾರಿಗೆ ಬೇಕಿದ್ದರೆ ಹೊಸದು ಕೆತ್ತಿಸಿಕೊಳ್ಳಬೇಕು.

ಈ ಕಂಬಕ್ಕೆ ಹಾಗೆ ಬೀಳುವ ಅವಕಾಶವೇ ಸಿಗಲಿಲ್ಲ.

1927ರಲ್ಲಿ ಪ್ರಿನ್ಸ್ ರೂಪರ್ಟ್ ಊರಿನಲ್ಲಿದ್ದ ಸ್ವೀಡನ್ನಿನ ಕಾನ್ಸುಲ್ ಓಲೋಫ್ ಹ್ಯಾನ್ಸನ್ ಕಂಬ ಬೇಕು ಅಂತ ಕೆನಡಾ ಸರ್ಕಾರಕ್ಕೆ ಬರೆದ. ಮೂಲನಿವಾಸಿಗಳ ಇಲಾಖೆ ಸರಿ ಅಂದಿತು. 1929ರಲ್ಲಿ ಕಂಬವನ್ನು ಬುಡದಲ್ಲಿ ಕೊಯ್ದು ಹಡಗಿಗೆ ಹಾಕಿದರು. ತಾವು ಊರಲ್ಲಿ ಇಲ್ಲದಾಗ ಇದಾಯಿತು, ತಮ್ಮ ಒಪ್ಪಿಗೆ ಇರಲಿಲ್ಲ ಅಂತ ಹೈಸ್ಲಾ ಹಿರಿಯರು ಹೇಳುತ್ತಾ ಬಂದಿದ್ದಾರೆ. ಕಾಗದದಲ್ಲಿ ಎಲ್ಲವೂ ಸರಿಯಾಗಿತ್ತು. ಆ ಕಾಗದ ಬರೆದ ಕಾಲ ಎಂಥದು ಅಂತಲೂ ನೋಡಬೇಕು. 1885ರಿಂದ 1951ರವರೆಗೆ ಕೆನಡಾದಲ್ಲಿ ಪಾಟ್‌ಲ್ಯಾಚ್‌ಗೆ, ಅಂದರೆ ಇಂಥ ಕಂಬ ನಿಲ್ಲಿಸುವಾಗ ನಡೆಯುವ ಔತಣ-ಉಡುಗೊರೆಯ ಸಮಾರಂಭಕ್ಕೇ ನಿಷೇಧ. 1927ರಿಂದ ಮೂಲನಿವಾಸಿಗಳು ತಮ್ಮ ಭೂಮಿಯ ಹಕ್ಕಿಗಾಗಿ ಹಣ ಕೂಡಿಸಿ ಕೇಸ್ ಹಾಕುವುದೂ ಅಪರಾಧ. ಬಾಯಿಗೂ ಬೀಗ, ಜೇಬಿಗೂ ಬೀಗ. ಆಮೇಲೆ 'ಆಗ ಯಾರೂ ತಕರಾರು ಮಾಡಲಿಲ್ಲ' ಅನ್ನುವುದು ಸುಲಭ.

ಸ್ಟಾಕ್‌ಹೋಮ್‌ನ ಜನಾಂಗೀಯ ಮ್ಯೂಸಿಯಂನಲ್ಲಿ ಅಷ್ಟೆತ್ತರದ ಕಂಬಕ್ಕೆ ಜಾಗ ಇರಲಿಲ್ಲ. ಹೊಸ ಕಟ್ಟಡ ಆಗುವವರೆಗೆ ದಶಕಗಳ ಕಾಲ ಉಗ್ರಾಣದಲ್ಲಿತ್ತು. 1991ರಲ್ಲಿ ಹೈಸ್ಲಾ ಜನರ ಒಂದು ತಂಡ ಹೋಗಿ ಅದನ್ನು ನೋಡಿತು. ಕೊಡಿ ಅಂತ ಕೇಳಿತು. 1994ರಲ್ಲಿ ಸ್ವೀಡನ್ ಸರ್ಕಾರ ಕೊಡೋಣ ಅಂದಿತು. ಮಾತಿನ ನಡುವೆ ಹೈಸ್ಲಾ ಜನ ಇನ್ನೊಂದನ್ನೂ ಒಪ್ಪಿಕೊಂಡರು. ನೀವು ಬರಿಗೈಲಿ ಇರಬೇಡಿ, ನಾವೇ ಒಂದು ಹೊಸ ಕಂಬ ಕೆತ್ತಿ ನಿಮಗೆ ಕೊಡುತ್ತೇವೆ. ಮೊದಲು ಕೆತ್ತಿದವರ ವಂಶದ ಹೆನ್ರಿ ರಾಬರ್ಟ್‌ಸನ್ ತನ್ನ ಮನೆಯವರ ಜೊತೆ ಸೇರಿ ಎರಡು ಕಂಬ ಕೆತ್ತಿದರು. ಒಂದು ಮಿಸ್ಕುಸಾಗೆ, ಒಂದು ಸ್ಟಾಕ್‌ಹೋಮ್‌ಗೆ. ಯೋಚನೆ ಮಾಡಿ. ಕಳೆದುಕೊಂಡವರೇ ತೆಗೆದುಕೊಂಡು ಹೋದವರಿಗೆ ಬದಲಿ ಮಾಡಿಕೊಡುತ್ತಿದ್ದಾರೆ. ಇದಕ್ಕಿಂತ ದೊಡ್ಡತನ ನನಗಂತೂ ಗೊತ್ತಿಲ್ಲ.

ಇಷ್ಟಾದರೂ ಷರತ್ತು ಇತ್ತು. ಹಳೆಯ ಕಂಬ ಹಾಳಾಗದಂತೆ ಉಷ್ಣತೆ, ತೇವ ಎಲ್ಲ ಹಿಡಿತದಲ್ಲಿರುವ ಒಂದು ಕಟ್ಟಡ ಬೇಕು. ಕಟ್ಟಡಕ್ಕೆ ದುಡ್ಡು ಹೈಸ್ಲಾ ಜನವೇ ಹೊಂದಿಸಬೇಕು. ವರ್ಷಗಳು ಹೋದವು, ಕಟ್ಟಡ ಆಗಲಿಲ್ಲ. ಕೊನೆಗೆ 2006ರಲ್ಲಿ ಕಂಬ ಹೊರಟಿತು, ವ್ಯಾಂಕೂವರ್‌ನ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಮ್ಯೂಸಿಯಂನಲ್ಲಿ ಕೆಲ ಕಾಲ ತಂಗಿತು, ಮನೆ ಸೇರಿತು. ಮನೆ ಅಂದರೆ, ಮಾಲ್.

ಇನ್ನೊಂದು ಸಂಗತಿ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅದೇ 1994ರಲ್ಲಿ ಇದೇ ಹೈಸ್ಲಾ ಜನ ಕಿಟ್ಲೋಪ್ ಕಣಿವೆಯ ಕಾಡನ್ನು ಉಳಿಸಿಕೊಂಡಿದ್ದರು. ಮೂರು ಲಕ್ಷ ಹೆಕ್ಟೇರಿಗೂ ಜಾಸ್ತಿ ಮಳೆಕಾಡು. ಮರ ಕಡಿಯುವ ಕಂಪನಿ ತನ್ನ ಹಕ್ಕನ್ನೇ ಬಿಟ್ಟುಕೊಡುವ ಹಾಗೆ ಮಾಡಿದ್ದರು. ಅಷ್ಟು ದೊಡ್ಡ ಕಾಡು ಕಾಪಾಡಿದವರಿಗೆ ಒಂದು ಮರದ ಕಂಬ ನೋಡಿಕೊಳ್ಳಲು ಬರುವುದಿಲ್ಲವಂತೆ.

ಮ್ಯೂಸಿಯಂನವರ ಕಡೆಯಿಂದಲೂ ಒಮ್ಮೆ ನೋಡೋಣ. ವಸ್ತು ಉಳಿಸುವುದು ಅವರ ಕಸುಬು. ಕೈಯಲ್ಲಿದ್ದದ್ದು ಹಾಳಾದರೆ ಮುಂದಿನವರಿಗೆ ಉತ್ತರ ಕೊಡಬೇಕು. 1929ರಲ್ಲಿ ಕಂಬ ಅಲ್ಲೇ ಉಳಿದಿದ್ದರೆ ಈ ಹೊತ್ತಿಗೆ ಮಣ್ಣಾಗಿರುತ್ತಿತ್ತು ಅನ್ನುವ ಮಾತೂ ಸುಳ್ಳಲ್ಲ. ಹೆನ್ರಿ ರಾಬರ್ಟ್‌ಸನ್‌ಗೆ ಮಾದರಿಯಾಗಿ ಹಳೆಯ ಕಂಬ ಇದ್ದದ್ದೂ ಅದರಿಂದಲೇ. ಈ ವಾದಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ನನ್ನ ಸಿಟ್ಟು ಇರುವುದು ಬೇರೆ ಕಡೆ. ಕೊಟ್ಟ ಮೇಲೂ ಅದು ಹೇಗಿರಬೇಕು ಅಂತ ನೀವೇ ಹೇಳುವುದಾದರೆ, ನೀವು ಕೊಟ್ಟದ್ದಾದರೂ ಏನು? ವಿಳಾಸ ಬದಲಾಯಿತು, ಅಷ್ಟೇ ಅಲ್ವಾ?

ಒಮ್ಮೆ ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿ ನಾನು ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಂಡಿದ್ದೆ. ಅಲ್ಲಿ ಒಂದು ಭೂತಗಳ ಕೋಣೆ ಇದೆ. ಆಳೆತ್ತರದ ಮರದ ಮೂರ್ತಿಗಳು, ನಮ್ಮ ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನವು. ಕನ್ನಡ ನೆಲದ ಭೂತಗಳು ದೆಹಲಿಯ ಲೈಟ್ ಕೆಳಗೆ ನಿಂತದ್ದು ನೋಡಿ ಮೊದಲು ಎದೆ ಧಸಕ್ ಅಂದಿತು. ಆಮೇಲೆ ಅರ್ಥವಾಯಿತು. ಮೆಕ್ಕೆಕಟ್ಟಿನಲ್ಲಿ ಹಳೆಯವು ಜೀರ್ಣವಾದಾಗ ಹೊಸ ಮೂರ್ತಿ ಕೆತ್ತಿಸಿದರು. ನಮ್ಮ ಕಡೆ ಹಾಗೆ ಬದಲಿಸುವಾಗ ಹಳೆಯದರ ಶಕ್ತಿಯನ್ನು ಹೊಸದಕ್ಕೆ ಕರೆಯುವ ವಿಧಿ ಇರುತ್ತದೆ. ಅದು ಮುಗಿದ ಮೇಲೆ ಹಳೆಯದು ಬರೀ ಮರ. ನೀರಿಗೆ ಬಿಡಬಹುದು. ಹೀಗೆ ಮ್ಯೂಸಿಯಂಗೂ ಹೋಗಬಹುದು. ದೆಹಲಿಯಲ್ಲಿ ಇರುವುದು ಮರ, ದೈವ ಇರುವುದು ಊರಲ್ಲಿ. ಸ್ಟಾಕ್‌ಹೋಮ್‌ನಲ್ಲಿ ಆದದ್ದು ಹಾಗಲ್ಲ. ಅವರು ಕೊಯ್ದುಕೊಂಡು ಹೋದದ್ದು ಕೆಲಸ ಮುಗಿಸಿದ ಕಂಬವನ್ನಲ್ಲ, ನಿಂತಿದ್ದ ಕಂಬವನ್ನು.

ಎಲ್ಲ ಮ್ಯೂಸಿಯಂಗಳೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಅದೇ 1929ರಲ್ಲಿ, ಅದೇ ಕರಾವಳಿಯಿಂದ ಇನ್ನೊಂದು ಕಂಬ ಹೋಗಿತ್ತು. ನಿಸ್ಗಾ ಜನರ ನಿ-ಈಶೂಲ್ ಕಂಬ. ತೆಗೆಸಿದವನು ಮರಿಯಸ್ ಬಾರ್ಬೋ ಎಂಬ ಮಾನವಶಾಸ್ತ್ರಜ್ಞ. ಅದು ಎಡಿನ್‌ಬರೋದ ಮ್ಯೂಸಿಯಂ ಸೇರಿತ್ತು. 2022ರಲ್ಲಿ ನಿಸ್ಗಾ ಮುಖಂಡರು ಹೋಗಿ ಕೇಳಿದರು. 2023ರಲ್ಲಿ ಕೆನಡಾ ವಾಯುಪಡೆಯ ವಿಮಾನದಲ್ಲಿ ಅದು ವಾಪಸ್ ಬಂತು. ಈಗ ನಿಸ್ಗಾ ಜನರದೇ ಮ್ಯೂಸಿಯಂ ಒಳಗೆ, ಸೂರಿನ ಕೆಳಗೆ ನಿಂತಿದೆ. ಅದು ಅವರ ಆಯ್ಕೆ. ಅವರಿಗೆ ಉಳಿಸಬೇಕು ಅನ್ನಿಸಿತು, ಉಳಿಸಿದರು. ಎಲ್ಲ ಕಂಬಗಳೂ ಕೊಳೆಯಲೇಬೇಕು ಅಂತ ನಾನೂ ಇಲ್ಲಿ ಕೂತು ಹೇಳಿದರೆ ನನಗೂ ಆ ಸ್ವೀಡನ್‌ನವರಿಗೂ ಏನು ವ್ಯತ್ಯಾಸ?

ನಮ್ಮ ದೇಶದ್ದೇ ಒಂದು ವಿಷಯವಿದೆ, ಇದಕ್ಕಿಂತ ಕಗ್ಗಂಟಾಗಿರುವುದು. ಆಕ್ಸ್‌ಫರ್ಡ್‌ನ ಪಿಟ್ ರಿವರ್ಸ್ ಮ್ಯೂಸಿಯಂನಲ್ಲಿ ಜಗತ್ತಿನ ಅತಿ ದೊಡ್ಡ ನಾಗಾ ಸಂಗ್ರಹ ಇದೆ. ಹಟನ್, ಮಿಲ್ಸ್ ಥರದ ಬ್ರಿಟಿಷ್ ಅಧಿಕಾರಿಗಳು ಕೂಡಿಸಿದ್ದು. ಬಟ್ಟೆ, ಆಯುಧ, ಬುಟ್ಟಿ ಮಾತ್ರ ಅಲ್ಲ, ಮನುಷ್ಯರ ತಲೆಬುರುಡೆಗಳೂ ಇವೆ. 2020ರಲ್ಲಿ ಮ್ಯೂಸಿಯಂ ತನ್ನಲ್ಲಿದ್ದ ಮಾನವ ಅವಶೇಷಗಳನ್ನು ಪ್ರದರ್ಶನದಿಂದ ತೆಗೆಯಿತು. ಆಮೇಲೆ ನಾಗಾ ಸಾಮರಸ್ಯ ವೇದಿಕೆಯ ಜೊತೆ ಮಾತುಕತೆ ಶುರುವಾಯಿತು. ಇಲ್ಲಿ ನಿಧಾನ ಮಾಡುತ್ತಿರುವುದು ಬರೀ ಮ್ಯೂಸಿಯಂ ಅಲ್ಲ. ನಾಗಾ ಸಂಶೋಧಕರೇ ಹಳ್ಳಿ ಹಳ್ಳಿಗೆ ಹೋಗಿ ಹಿರಿಯರನ್ನು ಕೇಳುತ್ತಿದ್ದಾರೆ. ಪ್ರಶ್ನೆಗಳು ಸುಲಭ ಅಲ್ಲ. ಒಂದು ಬುರುಡೆ ಯಾವ ಊರಿನದು? ಸಂಗ್ರಹಿಸಿದ್ದು ಆ ಊರಲ್ಲಿ, ಆದರೆ ತಲೆ ಕಾಳಗದಲ್ಲಿ ಕಡಿದು ತಂದ ಪಕ್ಕದ ಊರಿನವನದು ಆಗಿದ್ದರೆ? ಸತ್ತವರು ಹಳೆಯ ನಂಬಿಕೆಯವರು, ಇವತ್ತಿನ ನಾಗಾ ಜನ ಬಹುಪಾಲು ಕ್ರೈಸ್ತರು. ಮಣ್ಣು ಮಾಡುವಾಗ ಯಾವ ಪ್ರಾರ್ಥನೆ? ಜನರಿಗೆ ತಿಳಿಸಲು ಅವರು ಚಿತ್ರಕಥೆಯ ಪುಸ್ತಕವನ್ನೂ ಮಾಡಿದ್ದಾರೆ.

ಈ ನಿಧಾನ ನನಗೆ ಇಷ್ಟ. ಇದು ಅವರ ನಿಧಾನ. ಸ್ವೀಡನ್ ಕಥೆಯಲ್ಲಿ ಕಾಯಿಸಿದವರು ಬೇರೆ.

ಇದರ ನಡುವೆಯೇ 2024ರ ಅಕ್ಟೋಬರ್‌ನಲ್ಲಿ ಆಕ್ಸ್‌ಫರ್ಡ್‌ಶೈರ್‌ನ ಒಂದು ಹರಾಜು ಮನೆ ಕೊಂಬು ಕಟ್ಟಿದ ನಾಗಾ ತಲೆಬುರುಡೆಯನ್ನು ಮಾರಾಟಕ್ಕಿಟ್ಟಿತು. 3,500 ಪೌಂಡ್ ಮೇಲೆ ಸಿಗಬಹುದು ಅಂತ ಅಂದಾಜು. ವೇದಿಕೆ ಪ್ರತಿಭಟಿಸಿತು, ನಾಗಾಲ್ಯಾಂಡ್ ಮುಖ್ಯಮಂತ್ರಿ ವಿದೇಶಾಂಗ ಸಚಿವರಿಗೆ ಪತ್ರ ಬರೆದರು, ಹರಾಜು ನಿಂತಿತು. ಒಂದು ಕಡೆ ಮ್ಯೂಸಿಯಂ ಮೇಜಿನ ಸುತ್ತ ಸೂಕ್ಷ್ಮವಾದ ಮಾತುಕತೆ, ಅದೇ ಜಿಲ್ಲೆಯಲ್ಲಿ ಇನ್ನೊಂದು ಕಡೆ ಅಜ್ಜನ ತಲೆಗೆ ರೇಟು. ಸುಮ್ನೆ ಮ್ಯೂಸಿಯಂಗಳನ್ನೇ ಬೈದು ಪ್ರಯೋಜನವಿಲ್ಲ ಅನ್ನುವುದು ಅವತ್ತು ನನಗೆ ಹೊಳೆಯಿತು. ಕನಿಷ್ಠ ಮ್ಯೂಸಿಯಂಗೆ ಬಾಗಿಲು ಇದೆ, ತಟ್ಟಬಹುದು. ಖಾಸಗಿ ಮನೆಗಳ ಅಟ್ಟದಲ್ಲಿ ಇರುವುದನ್ನು ಯಾರ ಹತ್ತಿರ ಕೇಳುವುದು?

ಮತ್ತೆ ಮಾಲ್‌ಗೆ ಬರೋಣ. ಆ ಕಂಬ ಅಲ್ಲಿ ಕೆಲವು ವರ್ಷ ಇತ್ತು. ಕಟ್ಟಡ ಬರಲೇ ಇಲ್ಲ. 2012ರಲ್ಲಿ ಹೈಸ್ಲಾ ಜನ ತಾವೇ ಒಂದು ತೀರ್ಮಾನಕ್ಕೆ ಬಂದರು. ಕಂಬವನ್ನು ಮಿಸ್ಕುಸಾಗೆ ಒಯ್ದು ನೆಲದ ಮೇಲೆ ಮಲಗಿಸಿದರು. ಪಾಚಿ, ಮಳೆ, ಹುಳ, ಎಲ್ಲ ತಮ್ಮ ಕೆಲಸ ಮಾಡಲಿ ಅಂತ ಬಿಟ್ಟರು. ಷರತ್ತಿನ ಮಾತು ಅಲ್ಲಿಗೆ ಮುಗಿಯಿತು.

ಸ್ಟಾಕ್‌ಹೋಮ್‌ನಲ್ಲಿ ಅವರು ಕೆತ್ತಿಕೊಟ್ಟ ಕಂಬ ಇವತ್ತೂ ಇದೆ. ಮ್ಯೂಸಿಯಂ ಒಳಗಲ್ಲ, ಹೊರಗೆ, ಹಿಮ ಮಳೆಗೆ ಮೈಯೊಡ್ಡಿ ನಿಂತಿದೆ. ಅದೂ ಒಂದು ದಿನ ವಾಲುತ್ತದೆ. ಆಗ ಅಲ್ಲಿನ ಅಧಿಕಾರಿ ಏನು ಮಾಡುತ್ತಾರೆ ಅನ್ನುವ ಕುತೂಹಲ ನನಗೆ. ರಿಪೇರಿಯವರಿಗೆ ಫೋನ್ ಮಾಡುತ್ತಾರಾ, ಇಲ್ಲ ಹೈಸ್ಲಾ ಜನರಿಗೆ ಫೋನ್ ಮಾಡಿ 'ಏನು ಮಾಡೋಣ ಹೇಳಿ' ಅಂತ ಕೇಳುತ್ತಾರಾ?